ಹುಳಿ ಹೆಚ್ಚಿದರೆ ಆದಿಜೀವಿ ಕುಗ್ಗುವುದೇ?

ಸುಗ್ಗಿಯ ದಿನಗಳಲ್ಲಿ ದಾವಣಗೆರೆಯ ಸುತ್ತಿನ ಹಾದಿಗಳಲ್ಲಿ ಸಂಚರಿಸಿದವರು ಕಣಗಳಲ್ಲಿಯೂ ರಸ್ತೆಯ ಅಂಚಿನಲ್ಲಿಯೂ ಒಣಹಾಕಿದ ಮೆಕ್ಕೆಜೋಳವನ್ನು ಕಂಡೇ ಇರುತ್ತಾರೆ. ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ಆಚೆಯ ದಡಕ್ಕೆ ಹೋದರೆ ಅದೇ ಧಾನ್ಯಕ್ಕೆ ಗೋವಿನಜೋಳವೆಂದು ಹೆಸರು. ಹೆಸರಿನಲ್ಲಿ ಗೋವು ಇದ್ದರೂ ಗೋವಿಗೆ ಇದರಿಂದ ಒದಗುವ ಅಪಾಯ ಸಣ್ಣದಲ್ಲ. ಹಗ್ಗ ಬಿಚ್ಚಿಕೊಂಡ ಹಸುವೊಂದು ರಾತ್ರಿ ಹೊತ್ತಿನಲ್ಲಿ ಕಾಳಿನ ರಾಶಿಗೋ ನುಚ್ಚಿನ ಚೀಲಕ್ಕೋ ಬಾಯಿ ಹಾಕಿ ಹೊಟ್ಟೆ ತುಂಬ ತಿಂದಿತೆಂದರೆ, ಮರುದಿನ ಅದು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹಲ್ಲು ಕಡಿಯುತ್ತ, ತೂರಾಡುತ್ತ ನಡೆಯುತ್ತದೆ, ಕೊನೆಗೆ ನೆಲ ಹಿಡಿಯುತ್ತದೆ. ಚಿಕಿತ್ಸೆ ತಡವಾದರೆ ಒಂದೆರಡು ದಿನಗಳಲ್ಲಿ ಸಾಯುವುದೂ ಉಂಟು. ಮದುವೆಯ ಮನೆಯಲ್ಲಿ ಮಿಕ್ಕ ಅನ್ನವನ್ನು 'ಚೆಲ್ಲುವುದೇಕೆ' ಎಂದು ಬಕೆಟ್ಟುಗಟ್ಟಲೆ ದನದ ಮುಂದೆ ಸುರಿದಾಗಲೂ ಇದೇ ಗತಿ.

ಇಂಥ ಹಸುವನ್ನು ನೋಡಲು ಬಂದ ಪಶುವೈದ್ಯರು ಅದರ ಹೊಟ್ಟೆಯ ದ್ರವವನ್ನು ಕೊಳವೆಯಿಂದಲೋ ಸೂಜಿಯಿಂದಲೋ ಸ್ವಲ್ಪ ತೆಗೆದು, ಒಂದು ಹನಿಯನ್ನು ಬೆಚ್ಚಗಿನ ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದುಂಟು. ಆ ಹನಿಯಲ್ಲಿ ಅವರು ಹುಡುಕುವುದು ರೋಗಾಣುವನ್ನಲ್ಲ; ಆರೋಗ್ಯವಂತ ಹಸುವಿನಲ್ಲಿ ಸದಾ ಇರಬೇಕಾದ ಆದಿಜೀವಿಗಳನ್ನು. ಅವು ಎಷ್ಟಿವೆ, ಚಲಿಸುತ್ತಿವೆಯೇ, ಮುಖ್ಯವಾಗಿ ದೊಡ್ಡವು ಉಳಿದಿವೆಯೇ ಇಲ್ಲವೇ ಎಂಬುದನ್ನು ನೋಡಿ ಹಸುವಿನ ಸ್ಥಿತಿಯನ್ನು ಅಂದಾಜು ಮಾಡುತ್ತಾರೆ. ಹೊಟ್ಟೆ ಹುಳಿಯಾದಷ್ಟೂ ಹನಿಯಲ್ಲಿ ಕಾಣುವ ಜೀವಿಗಳು ಚಿಕ್ಕವಾಗುತ್ತ ಹೋಗುತ್ತವೆ.

ಆದಿಜೀವಿಗಳನ್ನು ಗಾಜಿನ ಪಾತ್ರೆಯಲ್ಲಿ ಸಾಕುವವರಿಂದಲೂ ಈ ಮಾತನ್ನು ಕೇಳಬಹುದು: "ಆಮ್ಲತೆ ಹೆಚ್ಚಿದರೆ ಗಾತ್ರ ಕುಗ್ಗುತ್ತದೆ." ಮಾತು ಸರಳವಾಗಿದೆ. ಆದರೆ ನಮ್ಮ ಅಭಿಪ್ರಾಯದಲ್ಲಿ ಇಷ್ಟು ಮೋಸಗೊಳಿಸುವ ಸರಳವಾಕ್ಯಗಳು ಜೀವಶಾಸ್ತ್ರದಲ್ಲಿ ಹೆಚ್ಚಾಗಿಲ್ಲ. ಕುಗ್ಗಿದ್ದು ಒಂದೊಂದು ಜೀವಿಯ ಮೈಯೇ? ದೊಡ್ಡವು ಸತ್ತು ಚಿಕ್ಕವು ಮಾತ್ರ ಉಳಿದಿವೆಯೇ? ಅಥವಾ ಆ ಜೀವಿ ತನ್ನ ವೇಷವನ್ನೇ ಬದಲಿಸಿದೆಯೇ? ಮೂರೂ ಬೇರೆ ಬೇರೆ ಸಂಗತಿಗಳು. ಅಳತೆಪಟ್ಟಿಯ ಮೇಲೆ ಮಾತ್ರ ಮೂರೂ ಒಂದೇ ರೀತಿಯಾಗಿ ಕಾಣುತ್ತವೆ.

ಮೊದಲು ಆಮ್ಲತೆಯ ವಿಚಾರ. ದಾವಣಗೆರೆಯಂಥ ಬೆಣ್ಣೆದೋಸೆಯ ಊರಿನಲ್ಲಿ ಇದನ್ನು ಬಹಳ ವಿವರಿಸಬೇಕಾಗಿಲ್ಲ. ರುಬ್ಬಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿ ಬರುವುದು ಅದರಲ್ಲಿ ಬೆಳೆದ ಬ್ಯಾಕ್ಟೀರಿಯಗಳು ಸಕ್ಕರೆ ಪಿಷ್ಟಗಳನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುವುದರಿಂದ. ಈ ಹುಳಿಯನ್ನು ನಾಲಗೆಯ ಬದಲು ಅಂಕಿಯಿಂದ ಹೇಳುವ ಕ್ರಮವನ್ನು ಡೆನ್ಮಾರ್ಕಿನ ರಸಾಯನವಿಜ್ಞಾನಿ ಸೋರೆನ್‌ಸೆನ್ ೧೯೦೯ರಲ್ಲಿ ಬಳಕೆಗೆ ತಂದರು. ಅವರು ಕೋಪನ್‌ಹೇಗನ್ನಿನ ಒಂದು ಬೀರು ಕಾರ್ಖಾನೆಗೆ ಸೇರಿದ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದವರು. ಹುದುಗುವಿಕೆಯ ಸಮಸ್ಯೆಯಿಂದಲೇ ಈ ಅಳತೆ ಹುಟ್ಟಿತೆಂಬುದು ನಮ್ಮ ವಿಷಯಕ್ಕೆ ಒಪ್ಪುವಂತಿದೆ. ಅವರ ಪಿ.ಎಚ್. ಮಾನದಲ್ಲಿ ೭ ಎಂದರೆ ಹುಳಿಯೂ ಅಲ್ಲದ, ಕ್ಷಾರವೂ ಅಲ್ಲದ ಶುದ್ಧ ನೀರು. ಅಂಕಿ ಇಳಿದಂತೆ ಹುಳಿ ಏರುತ್ತದೆ. ಮರೆಯಬಾರದ ವಿಷಯವೆಂದರೆ ಒಂದು ಅಂಕಿ ಇಳಿದರೆ ಹುಳಿಯು ಹತ್ತು ಪಾಲು ಏರಿದಂತೆ. ೬ರಿಂದ ೫ಕ್ಕೆ ಇಳಿಯುವುದು ಕಾಗದದ ಮೇಲೆ ಅಲ್ಪ ವ್ಯತ್ಯಾಸ. ನೀರಿನಲ್ಲಿ ಬದುಕುವ ಏಕಕೋಶಜೀವಿಗೆ ಅದು ಬೇರೊಂದು ಲೋಕ.

ಹಸುವಿಗೆ ನಾಲ್ಕು ಹೊಟ್ಟೆಗಳೆಂದು ಶಾಲೆಯ ಮಕ್ಕಳೂ ಬಲ್ಲರು. ಅವುಗಳಲ್ಲಿ ಮೊದಲನೆಯದಾದ ರೂಮೆನ್ ಎಂಬುದು ಹೊಟ್ಟೆ ಎನ್ನುವುದಕ್ಕಿಂತ ಹುದುಗುವ ಹಂಡೆ ಎನ್ನುವುದೇ ಸರಿ. ದೊಡ್ಡ ಮೈಕಟ್ಟಿನ ಮಿಶ್ರತಳಿಯ ಹಸುವಿನಲ್ಲಿ ಇದು ನೂರು ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಒಳಗಿನ ಶಾಖ ಸುಮಾರು ೩೯ ಡಿಗ್ರಿ ಸೆಂಟಿಗ್ರೇಡ್. ಆಮ್ಲಜನಕ ಇಲ್ಲವೆಂಬಷ್ಟು ಕಡಮೆ. ಹುಲ್ಲಿನ ನಾರನ್ನು ಜೀರ್ಣಿಸುವ ಶಕ್ತಿ ಹಸುವಿಗೆ ಸ್ವಂತವಾಗಿ ಇಲ್ಲ. ಹಂಡೆಯೊಳಗಿನ ಸೂಕ್ಷ್ಮಜೀವಿಗಳು ಅದನ್ನು ಮುರಿದು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನಾಗಿ ಮಾಡುತ್ತವೆ. ಹೊಟ್ಟೆಯ ಗೋಡೆ ಅವನ್ನು ಹೀರಿಕೊಳ್ಳುತ್ತದೆ. ಹಸು ಬದುಕುವುದು ಮುಖ್ಯವಾಗಿ ಈ ಆಮ್ಲಗಳ ಮೇಲೆ. ಆದುದರಿಂದ ಆಮ್ಲವೆಂಬುದು ಹಸುವಿನ ಹೊಟ್ಟೆಗೆ ಹೊರಗಿನಿಂದ ಬಂದ ಶತ್ರುವಲ್ಲ, ಅದರ ದಿನದ ಅನ್ನ. ಆಮ್ಲ ಹುಟ್ಟುವ ವೇಗಕ್ಕೂ ಅದು ಖರ್ಚಾಗುವ ವೇಗಕ್ಕೂ ಇರುವ ಸಮತೋಲ ತಪ್ಪಿದಾಗ ಮಾತ್ರ ಅಪಾಯ. ಆ ಸಮತೋಲವನ್ನು ಕಾಯುವುದು ಜೊಲ್ಲು. ಮೆಲುಕು ಹಾಕುವ ಹಸು ದಿನಕ್ಕೆ ನೂರು ಲೀಟರಿಗೂ ಹೆಚ್ಚು ಜೊಲ್ಲನ್ನು ನುಂಗುತ್ತದೆ. ಅದರಲ್ಲಿ ಅಡಿಗೆ ಸೋಡಾದ ಜಾತಿಯ ಲವಣಗಳಿವೆ. ಹುಲ್ಲು ತಿಂದರೆ ಮೆಲುಕು ಹೆಚ್ಚು, ಜೊಲ್ಲು ಹೆಚ್ಚು. ನುಚ್ಚು ತಿಂದರೆ ಮೆಲುಕು ಹಾಕುವಂಥದೇನೂ ಇಲ್ಲ. ಹುಲ್ಲು ಮೇಯುವ ಹಸುವಿನ ರೂಮೆನ್ನಿನಲ್ಲಿ ಪಿ.ಎಚ್. ಸಾಮಾನ್ಯವಾಗಿ ೬ರಿಂದ ೭ರೊಳಗೆ ಇರುತ್ತದೆ.

ಈ ಹಂಡೆಯ ನಿವಾಸಿಗಳಲ್ಲಿ ಬ್ಯಾಕ್ಟೀರಿಯಗಳದು ಅಪಾರ ಸಂಖ್ಯೆ. ಅವುಗಳ ನಡುವೆ ತಿಮಿಂಗಿಲಗಳಂತೆ ಈಜುವ ಆದಿಜೀವಿಗಳು ಒಂದು ಮಿಲಿಲೀಟರಿಗೆ ಲಕ್ಷದಿಂದ ಹತ್ತು ಲಕ್ಷದವರೆಗೆ ಇರುತ್ತವೆ. ಇವನ್ನು ೧೮೪೩ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಕಂಡು ವರ್ಣಿಸಿದವರು ಗ್ರೂಬಿ ಮತ್ತು ಡೆಲಾಫೋನ್ ಎಂಬಿಬ್ಬರು. ಇವು ಪರಾವಲಂಬಿಗಳೇ, ಅಲ್ಲವೇ ಎಂಬ ಚರ್ಚೆ ಅಂದಿನಿಂದ ಬಹುಕಾಲ ನಡೆಯಿತು. ಪರರ ಮೈಯಲ್ಲಿ ವಾಸ, ಪರರು ಮೇದದ್ದೇ ಆಹಾರ, ಹೊರಗೆ ಬಂದರೆ ಸಾವು, ಲಕ್ಷಣಗಳೆಲ್ಲ ಪರಾವಲಂಬಿಯವೇ. ಹುಟ್ಟಿದೊಡನೆ ತಾಯಿಯಿಂದ ಅಗಲಿಸಿ ಇವುಗಳ ಸೋಂಕಿಲ್ಲದೆ ಬೆಳೆಸಿದ ಕರುಗಳು ಬದುಕಿ ಬೆಳೆಯುವುದನ್ನು ಕಂಡವರು, ಹಸುವಿಗೆ ಇವು ಅನಿವಾರ್ಯವಲ್ಲವೆಂದು ಸಾಧಿಸಿದರು. ಹಾಗೆಂದು ನಿಷ್ಪ್ರಯೋಜಕವೂ ಅಲ್ಲ. ನಮಗೆ ತೋರುವಂತೆ ಇವು ಬಾಡಿಗೆ ಕೊಡುವ ಒಕ್ಕಲುಗಳು. ಅಪಾಯದ ಹೊತ್ತಿನಲ್ಲಿ ಆ ಬಾಡಿಗೆ ಯಾವುದೆಂಬುದು ತಿಳಿಯುತ್ತದೆ.

ಗಾತ್ರದಲ್ಲಿ ಇವುಗಳೊಳಗೆ ಇರುವ ತಾರತಮ್ಯ ಆಶ್ಚರ್ಯಕರವಾದುದು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲನ್ನು ಮೈಕ್ರಾನ್ ಎನ್ನುತ್ತಾರೆ. ನಮ್ಮ ತಲೆಗೂದಲು ಸುಮಾರು ೭೦ ಮೈಕ್ರಾನ್ ದಪ್ಪ. ರೂಮೆನ್ನಿನ ಎಂಟೊಡಿನಿಯಮ್ ಎಂಬ ಕುಲದ ಅನೇಕ ಜೀವಿಗಳು ಮೂವತ್ತು ನಲವತ್ತು ಮೈಕ್ರಾನ್ ಉದ್ದವಿರುತ್ತವೆ. ಐಸೊಟ್ರಿಕ, ಎಪಿಡಿನಿಯಮ್, ಪಾಲಿಪ್ಲ್ಯಾಸ್ಟ್ರಾನ್ ಮೊದಲಾದವು ನೂರರಿಂದ ಇನ್ನೂರು ಮೈಕ್ರಾನಿನವರೆಗೆ ಬೆಳೆಯುತ್ತವೆ. ಇನ್ನೂರು ಮೈಕ್ರಾನೆಂದರೆ ಮಿಲಿಮೀಟರಿನ ಐದನೆಯ ಒಂದು ಪಾಲು. ಚೂಪಾದ ಕಣ್ಣಿಗೆ ಬಿಳಿಯ ಚುಕ್ಕೆಯಾಗಿ ಕಂಡೀತು. ಆಗತಾನೆ ತೆಗೆದ ರೂಮೆನ್ ದ್ರವವನ್ನು ಗಾಜಿನ ನಳಿಗೆಯಲ್ಲಿ ಬೆಚ್ಚಗೆ ನಿಲ್ಲಿಸಿದರೆ ಸ್ವಲ್ಪ ಹೊತ್ತಿನಲ್ಲಿ ತಳದಲ್ಲಿ ಬೆಳ್ಳಗಿನ ಗಷ್ಟು ಕೂಡುತ್ತದೆ. ಅದು ಮಣ್ಣಲ್ಲ, ಹಿಟ್ಟಲ್ಲ. ಪಿಷ್ಟ ತುಂಬಿಕೊಂಡು ಭಾರವಾಗಿ ಇಳಿದ ಆದಿಜೀವಿಗಳ ರಾಶಿ.

ಈಗ ಆ ಹಸು ನುಚ್ಚಿನ ಚೀಲಕ್ಕೆ ಬಾಯಿ ಹಾಕಿದ ರಾತ್ರಿಗೆ ಬರೋಣ. ಇಡೀ ಕಾಳಿಗಿಂತ ನುಚ್ಚು ಹೆಚ್ಚು ಅಪಾಯಕರ, ಏಕೆಂದರೆ ಒಡೆದ ಕಾಳಿನ ಪಿಷ್ಟ ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ಎಟುಕುತ್ತದೆ. ಪಿಷ್ಟ ಕೈಗೆ ಸಿಕ್ಕಿತೆಂದರೆ ಅತಿವೇಗವಾಗಿ ಹೆಚ್ಚುವ ಬ್ಯಾಕ್ಟೀರಿಯವೊಂದುಂಟು. ಅದು ಸ್ಟ್ರೆಪ್ಟೊಕಾಕಸ್ ಕುಲದ್ದು. ಅದು ತಯಾರಿಸುವುದು ಲ್ಯಾಕ್ಟಿಕ್ ಆಮ್ಲ, ದೋಸೆಯ ಹಿಟ್ಟಿನಲ್ಲಿರುವ ಅದೇ ಆಮ್ಲ. ಇದು ಅಸಿಟಿಕ್ ಆಮ್ಲಕ್ಕಿಂತ ಸುಮಾರು ಎಂಟು ಪಾಲು ಬಲವಾದುದು. ಹಂಡೆಯ ಪಿ.ಎಚ್. ೬ರಿಂದ ೫.೫ಕ್ಕೆ, ಅಲ್ಲಿಂದ ೫ಕ್ಕೆ ಜಾರುತ್ತದೆ. ಐದರ ಕೆಳಗೆ ಸ್ಟ್ರೆಪ್ಟೊಕಾಕಸ್ ತಾನೇ ಸೋಲುತ್ತದೆ. ಆದರೆ ಅಷ್ಟರಲ್ಲಿ ಇನ್ನೂ ಹುಳಿಯನ್ನು ತಾಳಬಲ್ಲ ಲ್ಯಾಕ್ಟೊಬ್ಯಾಸಿಲಸ್ಸುಗಳು ಬಂದು ಕೆಲಸವನ್ನು ಮುಂದುವರಿಸುತ್ತವೆ. ತೀವ್ರ ಪ್ರಸಂಗಗಳಲ್ಲಿ ಪಿ.ಎಚ್. ನಾಲ್ಕೂವರೆಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುವುದುಂಟು.

ಇಲ್ಲಿ ಆದಿಜೀವಿಗಳ ಬಾಡಿಗೆಯ ಮಾತು ಬರುತ್ತದೆ. ಎಂಟೊಡಿನಿಯಮ್ ಮೊದಲಾದವು ಪಿಷ್ಟದ ಕಣಗಳನ್ನು ಇಡಿಯಾಗಿ ನುಂಗಿ ಮೈಯೊಳಗೆ ಕೂಡಿಟ್ಟುಕೊಂಡು ನಿಧಾನವಾಗಿ ಕರಗಿಸಿಕೊಳ್ಳುತ್ತವೆ. ಅವು ನುಂಗಿದ ಪಿಷ್ಟ ಆ ಹೊತ್ತಿಗೆ ಬ್ಯಾಕ್ಟೀರಿಯಗಳ ಕೈಗೆ ಸಿಕ್ಕುವುದಿಲ್ಲ. ಆಮ್ಲ ಒಮ್ಮೆಗೇ ಉಕ್ಕುವುದಿಲ್ಲ. ಹಗೇವಿನಲ್ಲಿ ಜೋಳ ತುಂಬಿಟ್ಟಂತೆ. ಹಸುವು ಸ್ವಲ್ಪ ಅತಿಯಾಗಿ ತಿಂದಾಗ ಈ ಹಗೇವುಗಳು ಅದನ್ನು ಕಾಯುತ್ತವೆ. ಬಹಳ ಅತಿಯಾಗಿ ತಿಂದಾಗ ಕಾಯಲಾರವು. ಹುಳಿಗೆ ಸಿಕ್ಕಿ ಸತ್ತ ಆದಿಜೀವಿ ಒಡೆದು, ಅದರೊಳಗಿನ ಪಿಷ್ಟವೂ ಬ್ಯಾಕ್ಟೀರಿಯಗಳ ಪಾಲಾಗುತ್ತದೆ. ಉರಿಯುವ ಬೆಂಕಿಗೆ ಇನ್ನಷ್ಟು ಸೌದೆ.

ಸಾಯುವುದರಲ್ಲಿಯೂ ಒಂದು ಕ್ರಮವಿದೆ. ಮೊದಲು ಮರೆಯಾಗುವುವು ದೊಡ್ಡ ಗಾತ್ರದವು. ಆಮೇಲೆ ಮಧ್ಯಮ ಗಾತ್ರದವು. ಎಲ್ಲಕ್ಕೂ ಕೊನೆಯವರೆಗೆ ತಾಳುವುವು ಚಿಕ್ಕ ಎಂಟೊಡಿನಿಯಮ್‌ಗಳು. ಧಾನ್ಯವನ್ನು ಹೆಚ್ಚಾಗಿ ತಿನ್ನುವ ದನಗಳಲ್ಲಿ, ಅವು ರೋಗಿಗಳಲ್ಲದಿದ್ದರೂ, ಎಂಟೊಡಿನಿಯಮ್‌ಗಳದೇ ರಾಜ್ಯ. ದೊಡ್ಡವು ಇಬ್ಭಾಗವಾಗಿ ಸಂತಾನ ಬೆಳೆಸುವುದಕ್ಕೆ ಚಿಕ್ಕವುಗಳಿಗಿಂತ ಹೆಚ್ಚು ಕಾಲ ಬೇಕು. ಆದುದರಿಂದ ಕಳೆದುಹೋದ ಸಂಖ್ಯೆಯನ್ನು ತುಂಬಿಕೊಳ್ಳುವುದರಲ್ಲಿ ಅವು ಹಿಂದೆ ಬೀಳುತ್ತವೆ. ಪಿ.ಎಚ್. ೫ಕ್ಕಿಂತ ಕೆಳಗಿಳಿದು ಅಲ್ಲಿಯೇ ನಿಂತರೆ ದೊಡ್ಡದು ಚಿಕ್ಕದೆಂಬ ಭೇದವಿಲ್ಲದೆ ಎಲ್ಲವೂ ಅಳಿಯುತ್ತವೆ.

ಇದನ್ನು ಲೆಕ್ಕಕ್ಕೆ ಇಳಿಸಿ ನೋಡೋಣ. ಒಂದು ಹನಿಯಲ್ಲಿ ನೂರು ಆದಿಜೀವಿಗಳಿವೆಯೆಂದೂ ಅವುಗಳಲ್ಲಿ ಎಪ್ಪತ್ತು ೪೦ ಮೈಕ್ರಾನಿನವು, ಮೂವತ್ತು ೧೫೦ ಮೈಕ್ರಾನಿನವು ಎಂದೂ ಊಹಿಸೋಣ. ಸರಾಸರಿ ಉದ್ದ ೭೩ ಮೈಕ್ರಾನ್. ಹುಳಿ ಏರಿ ದೊಡ್ಡ ಮೂವತ್ತೂ ಸತ್ತವು. ಸರಾಸರಿ ಈಗ ೪೦. 'ಆಮ್ಲದಿಂದ ಗಾತ್ರವು ಸುಮಾರು ಅರ್ಧಕ್ಕೆ ಇಳಿಯಿತು' ಎಂದು ವರದಿ ಬರೆಯಬಹುದು. ಅಂಕಿಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಉಳಿದ ಎಪ್ಪತ್ತರಲ್ಲಿ ಒಂದಾದರೂ ಕೂದಲೆಳೆಯಷ್ಟು ಕುಗ್ಗಿಲ್ಲ! ಇನ್ನೊಂದು ಮಾತು. ಎರಡರ ಆಕಾರವೂ ಒಂದೇ ಎಂದು ಭಾವಿಸಿದರೆ, ೧೫೦ ಮೈಕ್ರಾನಿನ ಒಂದು ಜೀವಿಯ ಘನಗಾತ್ರವು ೪೦ ಮೈಕ್ರಾನಿನ ಐವತ್ತಕ್ಕೂ ಹೆಚ್ಚು ಜೀವಿಗಳಿಗೆ ಸಮ. ಎಣಿಕೆಯಲ್ಲಿ ನೂರಕ್ಕೆ ಮೂವತ್ತು ಸತ್ತವೆಂದು ಕಂಡರೂ, ಆದಿಜೀವಿಗಳ ಒಟ್ಟು ಮೈಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಹೋದಂತೆಯೇ. ಪಶುವೈದ್ಯರು ತಲೆಗಳನ್ನು ಎಣಿಸುವುದಕ್ಕೆ ಮೊದಲು ದೊಡ್ಡವು ಇವೆಯೇ ಎಂದು ನೋಡುವುದರಲ್ಲಿ ಎಷ್ಟು ಔಚಿತ್ಯವಿದೆ ಎಂಬುದನ್ನು ವಾಚಕರೇ ಗ್ರಹಿಸಬಹುದು.

ಹಾಗಾದರೆ ಒಂದೊಂದು ಜೀವಿಯ ಮೈ ಕುಗ್ಗುವುದೇ ಇಲ್ಲವೇ? ಇದನ್ನು ತಿಳಿಯಬೇಕಾದರೆ ಒಂದೇ ಜಾತಿಯನ್ನು ಬೇರ್ಪಡಿಸಿ ಗಾಜಿನ ಪಾತ್ರೆಯಲ್ಲಿ ಸಾಕಬೇಕು. ಅದು ಸುಲಭವಾದ ಕೆಲಸವಾಗಿರಲಿಲ್ಲ. ಅಮೆರಿಕದ ಹಂಗೇಟ್ ಎಂಬ ವಿಜ್ಞಾನಿ ೧೯೪೦ರ ದಶಕದ ಮೊದಲ ವರ್ಷಗಳಲ್ಲಿ ಒಣಹುಲ್ಲು, ನಾರಿನ ಪುಡಿಗಳನ್ನು ಉಣಿಸಿ ರೂಮೆನ್ನಿನ ಆದಿಜೀವಿಗಳನ್ನು ಸಾಕಿ, ಅವುಗಳಲ್ಲಿ ಕೆಲವು ನಾರನ್ನು ತಾವೇ ಜೀರ್ಣಿಸಬಲ್ಲುವೆಂದು ತೋರಿಸಿದರು. ಇಂಗ್ಲೆಂಡಿನ ಕೋಲ್ಮನ್ ಎಂಬವರು ೧೯೬೦ರ ಸುಮಾರಿಗೆ ಎಂಟೊಡಿನಿಯಮ್ ಕಾಡೇಟಮ್ ಎಂಬ ಜಾತಿಯನ್ನು ದೀರ್ಘಕಾಲ ಸಾಕುವ ವಿಧಾನವನ್ನು ರೂಪಿಸಿದರು. ಆ ಸಾಕಣೆಯಲ್ಲಿ ಅದಕ್ಕೆ ದೊರೆಯುತ್ತಿದ್ದ ಮುಖ್ಯ ಆಹಾರ ಅಕ್ಕಿಯ ಪಿಷ್ಟ! ಭದ್ರಾ ನಾಲೆಯ ಬತ್ತದ ಸೀಮೆಯವರಿಗೆ ಇದು ಸಂತೋಷದ ಸುದ್ದಿಯಾದೀತು.

ಗಾಜಿನ ಪಾತ್ರೆಗೆ ಗೋಡೆಯಿಂದ ಆಮ್ಲ ಹೀರುವ ಶಕ್ತಿಯಿಲ್ಲ, ಜೊಲ್ಲು ಸುರಿಸುವ ಬಾಯಿಯಿಲ್ಲ. ಜೊತೆಗಿರುವ ಬ್ಯಾಕ್ಟೀರಿಯಗಳು ಪಿಷ್ಟವನ್ನು ಹುದುಗಿಸಿದಷ್ಟೂ ಹುಳಿ ಅಲ್ಲಿಯೇ ಶೇಖರವಾಗುತ್ತದೆ. ಆದುದರಿಂದ ಸಾಕುವವರು ಸೋಡಾದ ಲವಣವನ್ನು ಬೆರೆಸಿ, ಇಂಗಾಲದ ಡೈಆಕ್ಸೈಡನ್ನು ಹಾಯಿಸಿ, ಆಗಾಗ್ಗೆ ದ್ರವದ ಒಂದು ಪಾಲನ್ನು ತೆಗೆದು ಹೊಸದನ್ನು ತುಂಬುತ್ತಾರೆ. ಒಂದೆರಡು ಬಾರಿ ತಪ್ಪಿದರೆ ಸಾಕಣೆ ನಾಶವಾಗುತ್ತದೆ. ತೀರಿತೇ? ಇಲ್ಲ. ಇಂಥ ಪಾತ್ರೆಯಲ್ಲಿ ಹುಳಿ ಏರಿದಾಗ ಹುಳಿಯೊಂದೇ ಏರುವುದಿಲ್ಲ. ಆಹಾರ ಮುಗಿಯುತ್ತ ಬರುತ್ತದೆ. ಹಸಿದ ಜೀವಿ, ಬಡಕಲಾದ ದನದಂತೆ, ಸಣ್ಣಗೆ ಕಾಣುತ್ತದೆ. ಕರಗಿದ ವಸ್ತುಗಳು ಹೆಚ್ಚಿ ದ್ರವ ಗಟ್ಟಿಯಾಗುತ್ತದೆ. ಉಪ್ಪಿನಲ್ಲಿ ಹಾಕಿದ ಮಾವಿನಹೋಳು ನೀರು ಬಿಟ್ಟು ಮುದುರುವಂತೆ ಆದಿಜೀವಿಯೂ ನೀರನ್ನು ಕಳೆದುಕೊಂಡು ಮುದುರುತ್ತದೆ. ಇದು ಪರಾಸರಣದ ಕೆಲಸ, ಹುಳಿಯದಲ್ಲ. ಕಾಳು ತಿಂದ ಹಸುವಿನ ರೂಮೆನ್ನಿನಲ್ಲಿಯೂ ಹೀಗೆಯೇ ದ್ರವ ಗಟ್ಟಿಯಾಗಿ ಹಸುವಿನ ರಕ್ತದಿಂದಲೇ ನೀರನ್ನು ಎಳೆದುಕೊಳ್ಳುತ್ತದೆ. ಹೊಟ್ಟೆ ತುಂಬ ನೀರಿದ್ದರೂ ಅಂಥ ಹಸುವಿನ ಕಣ್ಣು ಗುಳಿಬೀಳುವುದು ಇದರಿಂದಲೇ.

ತದ್ವಿರುದ್ಧವಾದುದೂ ನಡೆಯುತ್ತದೆ. ಐಸೊಟ್ರಿಕ ಕುಲದ ಜೀವಿಗಳಿಗೆ ಸಕ್ಕರೆ ಸಿಕ್ಕರೆ ಸಾಕೆನ್ನುವ ಬುದ್ಧಿ ಇಲ್ಲ. ಸಿಕ್ಕಿದಷ್ಟನ್ನೂ ಒಳಗೆಳೆದು ಪಿಷ್ಟದಂಥ ವಸ್ತುವಾಗಿ ಮಾರ್ಪಡಿಸಿ ಕೂಡಿಟ್ಟುಕೊಳ್ಳುತ್ತ, ಮೈ ಉಬ್ಬಿ ಉಬ್ಬಿ ಕೊನೆಗೆ ಒಡೆದುಹೋಗುತ್ತವೆ. ಸಕ್ಕರೆ ಹೆಚ್ಚಾದಾಗಲೇ ಹುಳಿಯೂ ಹೆಚ್ಚುವುದರಿಂದ, ಆ ಹೊತ್ತಿಗೆ ಅಳತೆ ಮಾಡಿದವರು ಹುಳಿಯಿಂದ ಆದಿಜೀವಿಗಳು ದಪ್ಪವಾಗುತ್ತವೆಂದು ಬರೆದರೂ ಆಶ್ಚರ್ಯವಿಲ್ಲ.

ಹುಳಿಗಳಲ್ಲಿಯೂ ಜಾತಿಭೇದವಿದೆಯೆಂಬುದನ್ನು ಇಲ್ಲಿ ಹೇಳಬೇಕು. ಪಿ.ಎಚ್. ಅಂಕಿ ಒಂದೇ ಆಗಿದ್ದರೂ ಯಾವ ಆಮ್ಲದಿಂದ ಅದು ಬಂದಿತೆಂಬುದು ಮುಖ್ಯ. ಹೈಡ್ರೊಕ್ಲೋರಿಕ್ ಆಮ್ಲ ನೀರಿನಲ್ಲಿ ಪೂರ್ತಿಯಾಗಿ ಅಯಾನುಗಳಾಗಿ ಒಡೆಯುತ್ತದೆ. ವಿದ್ಯುತ್ತಿನ ಗುರುತು ಹೊತ್ತ ಆ ತುಣುಕುಗಳಿಗೆ ಕೋಶದ ಪೊರೆಯನ್ನು ದಾಟುವುದು ಕಷ್ಟ. ಅಸಿಟಿಕ್ ಆಮ್ಲದಂಥ ಸೌಮ್ಯವಾದವು ಹಾಗಲ್ಲ. ಅವುಗಳ ಅಣುಗಳಲ್ಲಿ ಒಂದು ಪಾಲು ಒಡೆಯದೆ ಉಳಿಯುತ್ತದೆ, ಒಡೆಯದ ಅಣು ಪೊರೆಯನ್ನು ಸಲೀಸಾಗಿ ದಾಟುತ್ತದೆ. ಪಿ.ಎಚ್. ೬.೮ರಲ್ಲಿ ಅಸಿಟಿಕ್ ಆಮ್ಲದ ನೂರರಲ್ಲಿ ಒಂದು ಅಣು ಮಾತ್ರ ಹೀಗೆ ಇಡಿಯಾಗಿರುತ್ತದೆ. ೫.೮ರಲ್ಲಿ ಹನ್ನೊಂದಕ್ಕೆ ಒಂದು. ೪.೮ರಲ್ಲಿ ಸರಿಸುಮಾರು ಅರ್ಧ. ಒಳಗೆ ಹೊಕ್ಕ ಅಣು ಅಲ್ಲಿನ ಹುಳಿಯಿಲ್ಲದ ರಸದಲ್ಲಿ ಒಡೆದು ತನ್ನ ಹುಳಿಯನ್ನು ಅಲ್ಲಿ ಬಿಚ್ಚುತ್ತದೆ. ಹೆಬ್ಬಾಗಿಲಿಗೆ ಬಂದ ಕಳ್ಳನಿಗಿಂತ ನೆಂಟನ ವೇಷದಲ್ಲಿ ಒಳಗೆ ಬಂದವನು ಅಪಾಯಕರ. ಜೀವಿಯು ತನ್ನ ಶಕ್ತಿಯನ್ನು ಖರ್ಚುಮಾಡಿ ಆ ಹುಳಿಯನ್ನು ಹೊರದಬ್ಬಬೇಕು. ಹಾಗೆ ದಬ್ಬುವುದಕ್ಕೆ ಹೋದ ಶಕ್ತಿ ಬೆಳವಣಿಗೆಗೆ ಇಲ್ಲ. ಅಂಥ ಸಾಕಣೆಯಲ್ಲಿ ಜೀವಿಗಳು ಸಣ್ಣವಾಗಿ ಉಳಿಯಬಹುದು. ಬೆಳೆಯುವುದಕ್ಕಿಂತ ಮೊದಲೇ ವಿಭಜನೆ ನಿಂತುಹೋದರೆ, ಒಡೆಯದ ತಾಯಿಕೋಶಗಳೇ ತುಂಬಿ ಸರಾಸರಿ ಗಾತ್ರ ಏರಲೂಬಹುದು. ಆದುದರಿಂದ 'ಪಿ.ಎಚ್. ಇಷ್ಟು, ಉದ್ದ ಇಷ್ಟು' ಎಂಬ ಪಟ್ಟಿಯನ್ನು ಕಂಡಾಗ ಯಾವ ಆಮ್ಲ, ಎಷ್ಟು ದಿನದ ಸಾಕಣೆ, ಏನು ಆಹಾರ ಎಂದು ಕೇಳದೆ ನಾವು ಅದನ್ನು ನಂಬಲಾರೆವು. ಅಳೆದದ್ದು ಜೀವಂತವಾಗಿದ್ದಾಗಲೋ, ಫಾರ್ಮಲಿನ್ ಹಾಕಿ ಕೊಂದ ಮೇಲೋ ಎಂಬುದನ್ನೂ ಕೇಳಬೇಕು. ಕೊಲ್ಲುವ ಔಷಧಗಳೇ ಮೈಯನ್ನು ಮುದುರಿಸಬಲ್ಲವು.

ಸಾಕಣೆಯು ಮೈಯ ರೂಪವನ್ನೇ ಬದಲಿಸಬಲ್ಲುದೆಂಬುದಕ್ಕೆ ಕೋಲ್ಮನ್ನರ ಆ ಎಂಟೊಡಿನಿಯಮ್ಮೇ ಸಾಕ್ಷಿ. ಹಿಂಬದಿಯಲ್ಲಿ ಬಾಲದಂಥ ಮುಳ್ಳಿರುವುದರಿಂದ ಅದಕ್ಕೆ ಕಾಡೇಟಮ್, ಅಂದರೆ ಬಾಲವುಳ್ಳದ್ದು ಎಂದು ಹೆಸರು. ಏಕಾಂತವಾಗಿ ಸಾಕಿದಾಗ ಅದು ಮುಳ್ಳನ್ನು ಕಳೆದುಕೊಂಡಿತು. ಅದನ್ನು ಹಿಡಿದು ತಿನ್ನುವ ಇನ್ನೊಂದು ದೊಡ್ಡ ಎಂಟೊಡಿನಿಯಮ್ಮಿನ ಜೊತೆಯಲ್ಲಿ ಬಿಟ್ಟಾಗ ಮುಳ್ಳುಳ್ಳವು ಮತ್ತೆ ಕಾಣಿಸಿಕೊಂಡುವು. ಇದರಲ್ಲಿ ಆಮ್ಲದ ಮಾತೇ ಇಲ್ಲ.

ಮೂರನೆಯ ಸಂಗತಿ, ಎಂದರೆ ವೇಷ ಬದಲಿಸುವುದು, ಹಸುವಿನ ಹೊಟ್ಟೆಯಲ್ಲಿ ನಮಗೆ ಕಾಣದು. ಅದಕ್ಕಾಗಿ ಮನುಷ್ಯನ ಮೈಯಲ್ಲಿ ನಿಜವಾದ ಪರಾವಲಂಬಿಯಾಗಿ ಬದುಕುವ ಒಂದು ಆದಿಜೀವಿಯನ್ನು ನೋಡಬೇಕು. ಕಾಲಾ ಆಜಾರ್ ಎಂಬ ಜ್ವರದ ಕಾರಣವನ್ನು ೧೯೦೩ರಲ್ಲಿ ಲೀಶ್‌ಮನ್ನರೂ, ಮದರಾಸಿನಲ್ಲಿದ್ದ ಡೊನೊವನ್ನರೂ ಬೇರೆ ಬೇರೆಯಾಗಿ ಪ್ರಕಟಿಸಿದರು. ಇಬ್ಬರ ಹೆಸರೂ ಸೇರಿ ಅದು ಲೀಶ್‌ಮೇನಿಯ ಡೊನೊವನಿ ಆಯಿತು. ರೋಗಿಯ ಗುಲ್ಮದಿಂದ ತೆಗೆದಾಗ ಅವು ಎರಡರಿಂದ ನಾಲ್ಕು ಮೈಕ್ರಾನಿನ ದುಂಡನೆಯ ಕಾಯಗಳು. ಮರುವರ್ಷ ಕಲ್ಕತ್ತೆಯಲ್ಲಿ ರೋಜರ್ಸ್ ಅವನ್ನು ದೇಹಕ್ಕಿಂತ ತಣ್ಣಗಿನ ಶಾಖದಲ್ಲಿ ಸಾಕಿದಾಗ, ಅವೇ ಉದ್ದನೆಯ ಮೈಯ, ಚಾವಟಿಯಂಥ ಬಾಲದ ಈಜುವ ಜೀವಿಗಳಾದುವು. ಇವುಗಳ ಮೈ ಹತ್ತರಿಂದ ಇಪ್ಪತ್ತು ಮೈಕ್ರಾನಿನವರೆಗೆ ಇರುತ್ತದೆ. ರೋಗವನ್ನು ಹರಡುವ ಮರಳುನೊಣದ ಕರುಳಿನಲ್ಲಿ ಇವು ಇರುವುದು ಈ ರೂಪದಲ್ಲಿಯೇ. ನೊಣ ಕಚ್ಚಿದಾಗ ಮನುಷ್ಯನ ರಕ್ಷಕಕೋಶಗಳು ಇವನ್ನು ನುಂಗಿ, ಕೊಲ್ಲುವುದಕ್ಕಾಗಿ ಹುಳಿಯ ಕೋಣೆಗೆ ತಳ್ಳುತ್ತವೆ. ಪರಾವಲಂಬಿಗೆ ಆ ಹುಳಿಯೇ ಮನೆ ಸೇರಿದೆನೆಂಬ ಸೂಚನೆ. ಬಾಲವನ್ನು ಎಳೆದುಕೊಂಡು, ದುಂಡಗಾಗಿ, ಸಣ್ಣದಾಗಿ ಅಲ್ಲಿಯೇ ಸಂತಾನ ಬೆಳೆಸುತ್ತದೆ. ಇದು ಹುಳಿಯ ಪ್ರಭಾವವೇ ಎಂಬುದನ್ನು ಮುಂದೆ ಗಾಜಿನ ಪಾತ್ರೆಗಳಲ್ಲಿ ಪರೀಕ್ಷಿಸಿದರು. ಮನುಷ್ಯನ ಕೋಶ ಒಂದೂ ಇಲ್ಲದೆ, ಸಾಕಣೆಯ ದ್ರವದ ಪಿ.ಎಚ್. ಅನ್ನು ಸುಮಾರು ೫.೫ಕ್ಕೆ ಇಳಿಸಿ, ಶಾಖವನ್ನು ದೇಹದ ಮಟ್ಟಕ್ಕೆ ಏರಿಸಿದರೆ ಸಾಕು, ಉದ್ದನೆಯವು ದುಂಡಗಾದು­ವು. ಇಲ್ಲಿ ಚಿಕ್ಕದಾದದ್ದು ಸೊರಗಿದ್ದರಿಂದಲ್ಲ. ಹುಳಿಯೊಳಗೆ ಬಾಳುವುದಕ್ಕೆ ತೊಟ್ಟ ಉಡುಪು ಅದು. ಹಸುವಿನ ಐಸೊಟ್ರಿಕವನ್ನು ಕೊಲ್ಲುವ ಹುಳಿ ಇದಕ್ಕೆ ಸಂಸಾರ ಹೂಡುವ ತಾಣ.

ಗಾತ್ರದ ಅಳತೆಯ ಮೇಲೆ ಮನುಷ್ಯನ ಚಿಕಿತ್ಸೆಯೂ ನಿಂತಿರುವುದುಂಟು. ಆಮಶಂಕೆಯ ಅಮೀಬದ ಕೋಶಿಕೆಗಳು ೧೦ ಮೈಕ್ರಾನಿಗಿಂತ ದೊಡ್ಡವು. ಅದನ್ನೇ ಹೋಲುವ, ಆದರೆ ತೊಂದರೆ ಕೊಡದ ಹಾರ್ಟ್‌ಮನಿ ಎಂಬ ಜಾತಿಯವು ಅದಕ್ಕಿಂತ ಚಿಕ್ಕವು. ಒಂದು ಕಾಲದಲ್ಲಿ ಇವನ್ನು ಒಂದೇ ಜಾತಿಯ ದೊಡ್ಡ ತಳಿ, ಸಣ್ಣ ತಳಿ ಎಂದು ಭಾವಿಸಿದ್ದರು. ಹತ್ತು ಮೈಕ್ರಾನಿನ ಈ ಗೆರೆಯ ಒಂದು ಕಡೆಗೆ ಔಷಧ, ಇನ್ನೊಂದು ಕಡೆಗೆ ಧೈರ್ಯದ ಮಾತು. ಅಮೀಬಗಳನ್ನು ಸಾಕುವುದಕ್ಕೂ ಅಕ್ಕಿಯ ಪಿಷ್ಟವನ್ನೇ ಹಾಕುತ್ತಾರೆ. ಅಲ್ಲಿಯೂ ಬ್ಯಾಕ್ಟೀರಿಯಗಳು ಅದನ್ನು ಹುಳಿಯಾಗಿಸುತ್ತವೆ. ಹುಳಿತ ಪಾತ್ರೆಯಲ್ಲಿ ಅಮೀಬಗಳು ಚಾಚಿದ ಕಾಲುಗಳನ್ನು ಎಳೆದುಕೊಂಡು ದುಂಡಗಾಗಿ ಸಾಯುತ್ತವೆ. ಹಾಗೆ ದುಂಡಗಾದುದನ್ನು ಅಳೆದು ಜಾತಿಯನ್ನು ನಿರ್ಧರಿಸುವುದು, ನಿದ್ದೆಯಲ್ಲಿ ಮುದುರಿ ಮಲಗಿದವನ ಎತ್ತರವನ್ನು ಅಳೆದಂತೆ. ಆದುದರಿಂದ ಆ ಗೆರೆಯನ್ನು ಕೋಶಿಕೆಗಳಿಗೆ ಅನ್ವಯಿಸುತ್ತಾರೆ. ಅವುಗಳ ಗೋಡೆ ಗಟ್ಟಿ, ಗಾತ್ರ ಸ್ಥಿರ.

ಇನ್ನು ನಮ್ಮ ಹಸುವಿನ ವಿಚಾರ. ರೂಮೆನ್ನಿನ ಹನಿಯನ್ನು ನೋಡುವಾಗ ಗಾಜು ಬೆಚ್ಚಗಿರಬೇಕು; ತಣ್ಣಗಿನ ಗಾಜಿನ ಮೇಲೆ ಆರೋಗ್ಯವಾದ ಆದಿಜೀವಿಗಳೂ ಚಲನೆಯನ್ನು ನಿಲ್ಲಿಸಿ ಸತ್ತಂತೆ ಕಾಣುತ್ತವೆ. ಬಾಯಿಯಿಂದ ಕೊಳವೆ ಇಳಿಸಿ ತೆಗೆದ ದ್ರವದಲ್ಲಿ ಜೊಲ್ಲು ಬೆರೆತು ಹುಳಿ ಇರುವುದಕ್ಕಿಂತ ಕಡಮೆಯಾಗಿ ತೋರುತ್ತದೆ. ಪಕ್ಕೆಯಿಂದ ಸೂಜಿ ಹಾಕಿ ತೆಗೆದುದು ಹೆಚ್ಚು ನಂಬಬಹುದಾದುದು. ಪರೀಕ್ಷೆಯ ಕಾಗದ ಜೊಲ್ಲಿನಿಂದ ಮೋಸಹೋದರೂ ಆದಿಜೀವಿಗಳು ಹೋಗುವುದಿಲ್ಲ, ಏಕೆಂದರೆ ಅವು ತಮ್ಮ ಸಾವನ್ನು ಹೊಟ್ಟೆಯೊಳಗೇ ಸತ್ತು ಬಂದಿರುತ್ತವೆ. ದೊಡ್ಡವು ಮಾತ್ರ ಹೋಗಿ ಚಿಕ್ಕವು ಚುರುಕಾಗಿ ಓಡಾಡುತ್ತಿದ್ದರೆ ಕಾಳನ್ನು ನಿಲ್ಲಿಸಿ, ಒಣಹುಲ್ಲನ್ನು ಹಾಕಿ, ಹುಳಿಯನ್ನು ತಗ್ಗಿಸುವ ಸೋಡಾ ಅಥವಾ ಮೆಗ್ನೀಸಿಯಮ್ಮಿನ ಔಷಧವನ್ನು ಕೊಟ್ಟು ಕಾಯಬಹುದು. ಹನಿ ಹಾಲುಬೂದು ಬಣ್ಣದ್ದಾಗಿ, ಹುಳಿ ನಾತವುಳ್ಳದ್ದಾಗಿ, ಅದರಲ್ಲಿ ಜೀವದ ಚಲನೆಯೇ ಇಲ್ಲದಿದ್ದರೆ ಪರಿಸ್ಥಿತಿ ಬೇರೆ. ರಕ್ತನಾಳದಲ್ಲಿ ಲವಣದ್ರವವನ್ನು ಹಾಯಿಸಬೇಕಾಗುತ್ತದೆ. ಕೆಲವೊಮ್ಮೆ ಪಕ್ಕೆಯನ್ನು ಕೊಯ್ದು ಹೊಟ್ಟೆಯ ಕಾಳನ್ನೆಲ್ಲ ಹೊರಗೆ ತೆಗೆಯಬೇಕಾಗುತ್ತದೆ. ಇದೆಲ್ಲ ಪಶುವೈದ್ಯರ ಕೆಲಸ. ಸೋಡಾದ ಅಳತೆಯನ್ನು ಮನೆಯಲ್ಲಿ ಊಹಿಸಿ ಸುರಿಯುವುದು ತರವಲ್ಲ.

ಹಸು ಬದುಕಿ ಎದ್ದು ನಿಂತರೂ ಅದರ ಹಂಡೆ ಖಾಲಿ. ಬ್ಯಾಕ್ಟೀರಿಯಗಳು ಮೇವಿನೊಡನೆ ನೀರಿನೊಡನೆ ಹೇಗೋ ಮರಳುತ್ತವೆ. ಆದಿಜೀವಿಗಳಿಗೆ ಆ ಅನುಕೂಲವಿಲ್ಲ. ಅಮೀಬದಂತೆ ಇವು ಗಟ್ಟಿಗೋಡೆಯ ಕೋಶಿಕೆಗಳನ್ನು ಕಟ್ಟುವುದಿಲ್ಲ. ಗಾಳಿಯಲ್ಲಿ, ಒಣಹುಲ್ಲಿನಲ್ಲಿ ಬದುಕಿರುವುದಿಲ್ಲ. ತಾಯಿ ಕರುವನ್ನು ನೆಕ್ಕುವಾಗ, ದನಗಳು ಒಂದೇ ಗೋದಲೆಯಲ್ಲಿ ಬಾಯಿ ಹಾಕುವಾಗ, ಹಸಿ ಜೊಲ್ಲಿನ ಮೂಲಕ ಒಂದರಿಂದ ಒಂದಕ್ಕೆ ದಾಟಬೇಕು. ಈ ಕಾರಣದಿಂದ ಪಶುವೈದ್ಯರು ಆರೋಗ್ಯವಂತ ಹಸುವಿನ ರೂಮೆನ್ ದ್ರವವನ್ನು ಕೆಲವು ಲೀಟರಿನಷ್ಟು ತೆಗೆದು, ಬಟ್ಟೆಯಲ್ಲಿ ಸೋಸಿ, ಆರದಂತೆ ಬೆಚ್ಚಗಿಟ್ಟು ಬೇಗನೆ ತಂದು ರೋಗಿಯ ಹೊಟ್ಟೆಗೆ ಇಳಿಸುತ್ತಾರೆ. ಆ ಹೊತ್ತಿಗೆ ಅಲ್ಲಿಯ ಹುಳಿ ಇಳಿದಿರಬೇಕು, ಇಲ್ಲವಾದರೆ ಹೊಸಬರೂ ಹಳಬರ ದಾರಿಯನ್ನೇ ಹಿಡಿಯುತ್ತಾರೆ. ಕಾಳು ತಿನ್ನಿಸಲೇಬೇಕಾದ ಹಾಲಿನ ಹಸುವಿಗೆ ಅದನ್ನು ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, ಮೊದಲು ಹುಲ್ಲು, ಆಮೇಲೆ ಕಾಳು ಎಂಬ ಕ್ರಮದಿಂದ ಕೊಟ್ಟರೆ, ಲ್ಯಾಕ್ಟಿಕ್ ಆಮ್ಲವನ್ನು ತಿನ್ನುವ ಬ್ಯಾಕ್ಟೀರಿಯಗಳೂ ಪಿಷ್ಟವನ್ನು ನುಂಗುವ ಎಂಟೊಡಿನಿಯಮ್‌ಗಳೂ ಹೆಚ್ಚಿ ಹಂಡೆ ಹೊಸ ಮೇವಿಗೆ ಹೊಂದಿಕೊಳ್ಳುತ್ತದೆ. ಆಗ ತೆಗೆದ ಹನಿಯಲ್ಲಿಯೂ ಚಿಕ್ಕವೇ ಹೆಚ್ಚಾಗಿ ಕಾಣುತ್ತವೆ. ಆದರೆ ಅವು ಗುಂಪುಗುಂಪಾಗಿ, ಹೊಟ್ಟೆ ತುಂಬ ಪಿಷ್ಟವನ್ನು ಹೊತ್ತುಕೊಂಡು, ಗಾಜಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಈಜುತ್ತಿರುತ್ತವೆ.